ಲಿಟ್ಮಸ್ ಮಾಮನ ಹಿಡಿ ಮಣ್ಣು

ಶಾಲೆಯ ಪ್ರಯೋಗಾಲಯದ ಅಟೆಂಡರನ್ನು ಮಕ್ಕಳೆಲ್ಲ ಲಿಟ್ಮಸ್ ಮಾಮ ಎಂದೇ ಕರೆಯುತ್ತಿದ್ದರು. ಜೇಬಿನಲ್ಲಿ ಕನ್ನಡಕ ಇಲ್ಲದಿದ್ದರೂ ಆಸಿಡ್ ತಗುಲಿದರೆ ಕೆಂಪಾಗುವ ನೀಲಿ ಲಿಟ್ಮಸ್ ಕಾಗದದ ಪುಟ್ಟ ಕಟ್ಟು ಇದ್ದೇ ಇರುತ್ತಿತ್ತು. ಪಾಠ ಮುಗಿದ ಮೇಲೆ ಉಳಿದ ಆಸಿಡ್ ನೀರನ್ನು ಹಿಂದಿನ ಗೋಡೆಯ ಬುಡದ ಗುಂಡಿಗೆ ಸುರಿಯುವುದೂ ಅವನದೇ ಕೆಲಸ.

ಇಪ್ಪತ್ತಾರು ವರ್ಷದ ಹಿಂದೆ ಗೋಡೆಯಾಚೆಯ ಮನೆಯ ಹೆಂಗಸು ಇದನ್ನು ಕಂಡು ರಂಪ ಮಾಡಿದ್ದಳು. "ಅಲ್ಲಯ್ಯಾ, ನನ್ನ ಬಾವಿ ಇರೋದು ಹತ್ತೇ ಹೆಜ್ಜೆ ದೂರ! ನಿನಗೇನು ಬುದ್ಧಿಗಿದ್ಧಿ ಇದೆಯಾ?"

ಮಾಮ ವಾದಕ್ಕಿಳಿಯಲಿಲ್ಲ. ಅದೇ ಗುಂಡಿಯ ಒಂದು ಹಿಡಿ ಮಣ್ಣನ್ನು ಗಾಜಿನ ಆಲಿಕೆಗೆ ತುಂಬಿ, ಅವಳ ಕಣ್ಣೆದುರೇ ಆಸಿಡ್ ನೀರು ಹೊಯ್ದ. ಹೊಯ್ಯುವ ಮುಂಚೆ ಆ ನೀರಿಗೆ ಅದ್ದಿದ ನೀಲಿ ಕಾಗದ ಕೆಂಪಾಗಿತ್ತು. ಮಣ್ಣಿನಿಂದ ತೊಟ್ಟಿಕ್ಕಿದ ನೀರಿನಲ್ಲಿ ಅದ್ದಿದ ಇನ್ನೊಂದು ಕಾಗದ ನೀಲಿಯಾಗಿಯೇ ಉಳಿಯಿತು.

"ನೋಡಿದ್ರಾ ಅಕ್ಕಾ? ಮಣ್ಣು ಎಲ್ಲಾನೂ ಅರಗಿಸ್ಕೊಳ್ಳುತ್ತೆ."

ಅಕ್ಕ ಕಣ್ಣರಳಿಸಿ ಒಳಗೆ ಹೋದಳು.

ಅಂದಿನಿಂದ ಅದು ಪ್ರತಿ ವರ್ಷದ ಪಾಠವಾಯಿತು. "ಮಣ್ಣಲ್ಲಿರೋ ಸುಣ್ಣದಂಶ ಆಸಿಡ್ಡನ್ನ ಹಿಡ್ಕೊಳ್ಳುತ್ತೆ, ಸುಣ್ಣ ಖಾಲಿಯಾದ್ರೆ ಮಣ್ಣೂ ಕೈಚೆಲ್ಲುತ್ತೆ" ಎಂದು ಟೀಚರು ವಿವರಿಸುವರು. ಮಾಮನ ಕಿವಿಗೆ ಬೀಳುತ್ತಿದ್ದುದು ಮೊದಲರ್ಧ ಮಾತ್ರ. ಅಷ್ಟರಲ್ಲಿ ಮಕ್ಕಳು ಚಪ್ಪಾಳೆ ತಟ್ಟಿರುತ್ತಿದ್ದರಲ್ಲ! ಹೋದ ವರ್ಷ ಕಾಗದ ತುಸು ನೇರಳೆಗೆ ತಿರುಗಿದಾಗಲೂ, ಹಳೇ ಕಾಗದ ಎಂದು ತಳ್ಳಿಹಾಕಿದ್ದ.

ನಿವೃತ್ತಿಯ ದಿನ ಮಕ್ಕಳು ಬಿಡಲಿಲ್ಲ. "ಮಾಮಾ, ಕೊನೇ ಸಲ!" ಮಾಮ ಉಬ್ಬಿಹೋಗಿ ಗುಂಡಿಯ ಮಣ್ಣು ತಂದ, ಆಸಿಡ್ ನೀರು ಹೊಯ್ದ, ತೊಟ್ಟಿಕ್ಕಿದ ನೀರಿಗೆ ಕಾಗದ ಅದ್ದಿದ. ಕೆಂಪು. ಇನ್ನೊಂದು ಅದ್ದಿದ. ಅದೂ ಕೆಂಪೇ.

"ಹೋಗ್ಲಿ ಬಿಡಿ, ಬೇರೆ ಕಡೆ ಮಣ್ಣು ತಂದ್ರಾಯ್ತು" ಎಂದರು ಟೀಚರು. ಮಾಮನಿಗೆ ಗೋಡೆಯಾಚೆಯ ಬಾವಿ ನೆನಪಾಯಿತು. ಬೀಳ್ಕೊಡುಗೆಯ ಭಾಷಣಕ್ಕೂ ನಿಲ್ಲದೆ ಗೇಟು ದಾಟಿ ಓಡಿದ. ಪಾಪ, ಆ ಮಂಡಿನೋವಿನ ಕಾಲಿಗೆ ಓಡುವ ವಯಸ್ಸೇ ಅದು?

ಅಕ್ಕ ಈಗ ಹಣ್ಣು ಹಣ್ಣು ಮುದುಕಿ. ಆಗಷ್ಟೇ ಸೇದಿದ ನೀರಿನ ಕೊಡ ಮುಂದಿಟ್ಟುಕೊಂಡು ಬಾವಿಕಟ್ಟೆಯ ಮೇಲೆ ಸುಧಾರಿಸಿಕೊಳ್ಳುತ್ತಿದ್ದಳು. ಮಾಮ ಕೊಡಕ್ಕೆ ಕಾಗದ ಅದ್ದಿದ. ನೀಲಿ ನಿಧಾನವಾಗಿ ಕೆಂಪಾಯಿತು.

"ಅಕ್ಕಾ, ಈ ನೀರು ಕುಡೀಬೇಡಿ. ತಪ್ಪು ನಂದು."

"ಕೆಲವು ತಿಂಗಳಿಂದ ಯಾಕೋ ಹುಳಿಹುಳಿ ಅನ್ನಿಸ್ತಿತ್ತು ಕಣಪ್ಪಾ."

"ಮತ್ತೆ ಯಾಕೆ ಹೇಳಲಿಲ್ಲ?"

"ಮಣ್ಣು ಎಲ್ಲಾನೂ ಅರಗಿಸ್ಕೊಳ್ಳುತ್ತೆ ಅಂತ ಅವತ್ತು ನೀನೇ ತೋರಿಸಿದ್ಯಲ್ಲ. ನನ್ನ ನಾಲಿಗೇಗೇ ವಯಸ್ಸಾಯ್ತು ಅಂದ್ಕೊಂಡೆ."

ಮಾಮ ಚೆಲ್ಲಿಬಿಡಲೆಂದು ಆ ಕೊಡ ಎತ್ತಿದ. ಎಲ್ಲಿ ಚೆಲ್ಲುವುದೆಂದು ತಿಳಿಯದೆ ಹಾಗೇ ನಿಂತ.