ಶಾಂತತ್ತೆ ದನಿ ಕೊಟ್ಟ ಹುಡುಗ

ಬಹಳ ಹೊತ್ತು ಉರಿದ ಹಳೆಯ ಡಬ್ಬಾ ಟಿ.ವಿ.ಗೆ ಒಂದು ವಾಸನೆಯಿರುತ್ತದೆ, ಬಿಸಿಲಿಗೆ ಕಾದ ಧೂಳಿನಂಥದು. ಮೊನ್ನೆ ಹೊಸಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ಅದು ಮೂಗಿಗೆ ಬಡಿದಾಗ ಟಿ.ಬಿ. ಡ್ಯಾಂನ ನಮ್ಮ ಕ್ವಾರ್ಟರ್ಸು, ಸಂಜೆ ನೀರು ಚಿಮುಕಿಸಿದ ನಡುಮನೆ, ತಾತನ ಕಬ್ಬಿಣದ ಕುರ್ಚಿ ಎಲ್ಲ ಎದುರಿಗೆ ಬಂದವು. ನಾವು ಚಿಕ್ಕವರಿದ್ದಾಗ ಸಂಜೆಯ ಆ ಹೊತ್ತಿಗೆ ಕಾರ್ಟೂನೊಂದು ಬರುತ್ತಿತ್ತು. ಅದರ ಹುಡುಗ ಮುಟ್ಟಿದ್ದೆಲ್ಲ ಮುರಿಯುತ್ತಿತ್ತು, ಹತ್ತಿದ ಕೊಂಬೆಯೇ ಬೀಳುತ್ತಿತ್ತು. ಆದರೂ ಮೈ ಕೊಡವಿಕೊಂಡು ನಗುತ್ತಾ ಏಳುತ್ತಿದ್ದ. ಮಾತೆಲ್ಲ ಇಂಗ್ಲಿಷು. ಅದನ್ನು ಅಪ್ಪನ ತಂಗಿ ಶಾಂತತ್ತೆ ನಮಗೆ ಕನ್ನಡ ಮಾಡಿ ಹೇಳುತ್ತಿದ್ದಳು. ಅವಳಿಗೂ ಇಂಗ್ಲಿಷು ಬರುತ್ತಿರಲಿಲ್ಲ.

ಅತ್ತೆ ಕಂಪ್ಲಿಯ ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದವಳು. ಮುಂಗೈ ಮೇಲೆ ಸುಟ್ಟ ಕಲೆಯಿತ್ತು. ಏನಾಯಿತೆಂದು ಕೇಳಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು; ಆ ಹುಡುಗನ ದನಿ ತೆಗೆದಾಗ ಮಾತ್ರ ಬಾಯ್ತುಂಬ ಮಾತು. "ಬಿದ್ರ ಏನಾತ್ಲೇ, ನೆಲ ಇನ್ನೂ ಕೆಳಗ ಹೋಗಂಗಿಲ್ಲಲ್ಲ" ಎಂದು ಅವನು ನಮ್ಮ ಮನೆಯಲ್ಲಿ ಹೇಳುತ್ತಿದ್ದ. ಒಂದು ಸಂಜೆ ಅವಳ ಗಂಡ, ನಮ್ಮ ಮಾವ, ಕರೆದೊಯ್ಯಲು ಬಂದರು. ಚಹಾ ಕುಡಿದು, "ಆದದ್ದು ಆತು, ಕಳಿಸಿ ಕೊಡ್ರಿ" ಎಂದರು. ತಾತ ತಲೆ ತಗ್ಗಿಸಿ ಕುಳಿತಿದ್ದರು. ಹೆಣ್ಣು ಕೊಟ್ಟ ಮನೆಯಲ್ಲೇ ಇರಬೇಕೆಂಬ ಕಾಲದವರು. ಟಿ.ವಿ.ಯಲ್ಲಿ ಹುಡುಗ ಯಾವುದೋ ಬಾಗಿಲ ಮುಂದೆ ನಿಂತಿದ್ದ, ಒಳಗಿನಿಂದ ಯಾರೋ ಕರೆಯುತ್ತಿದ್ದರು. ಅತ್ತೆ ಪರದೆಯಿಂದ ಕಣ್ಣು ತೆಗೆಯದೆ ಹುಡುಗನ ದನಿಯಲ್ಲಿ, "ನಾ ಒಳಗ ಬರಂಗಿಲ್ರಿ. ಉರಿಯೋ ಒಲಿಗೆ ಹಿಡಿದು ನನ್ನ ಕೈ ಸುಟ್ಟೀರಿ ನೀವು" ಎಂದಳು. ನಾವು ಮಕ್ಕಳು ನಕ್ಕೆವು. ದೊಡ್ಡವರು ಯಾರೂ ನಗಲಿಲ್ಲ.

ತಾತ ಎದ್ದು ಟಿ.ವಿ. ಬಂದ್ ಮಾಡಿದರು. ಅತ್ತೆಯ ಕೈಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಅಳಿಯನಿಗೆ, "ಕಂಪ್ಲಿ ಬಸ್ಸು ಇನ್ನೂ ಐತಿ. ಹೊಂಡ್ರಿ" ಎಂದರು, ಅಷ್ಟೇ. ಮರುದಿನ ಸಂಜೆ ತಾವೇ ಕುರ್ಚಿ ಎಳೆದುಕೊಂಡು ಬಂದು, "ಶಾಂತಾ, ಆ ಹುಡುಗಂದು ಹಾಕವ್ವಾ" ಎಂದರು. ಅತ್ತೆ ಹಾಕಿದಳು, ದನಿ ಕೊಡಲಿಲ್ಲ. ಹುಡುಗ ಇಂಗ್ಲಿಷಿನಲ್ಲೇ ಬಿದ್ದ, ಇಂಗ್ಲಿಷಿನಲ್ಲೇ ಎದ್ದ. ತಾತ ಒಬ್ಬರೇ ನಕ್ಕರು, ಮಗಳ ಮುಖ ನೋಡುತ್ತಾ.

ಅತ್ತೆ ಮುಂದೆ ಸಂಡೂರಿನಲ್ಲಿ ಹೊಲಿಗೆ ಕಲಿತು ಅಲ್ಲೇ ಅಂಗಡಿ ಇಟ್ಟಳು. ತಾತ ಹೋದ ಮೇಲೂ ಬಹುಕಾಲ ಬಾಳಿದಳು, ಈಚೆಗೆ ತೀರಿಕೊಂಡಳು. ಕ್ವಾರ್ಟರ್ಸಿಗೆ ಈಗ ಬಾಗಿಲಿಲ್ಲ, ಒಳಗೆ ಜಾಲಿ ಬೆಳೆದಿದೆ. ನಿಮಗೂ ಇಂಥದೊಂದು ಮನೆ ಇದ್ದೀತು; ಅಲ್ಲಿ ಆಡಿದ ಮಾತಿನ ಅರ್ಥ ಬಲ್ಲವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ನಮ್ಮಲ್ಲಿ ಇನ್ನು ಉಳಿದವರು ನಾನು, ನನ್ನ ತಮ್ಮ.