ನಲ್ಲಿಯೊಳಗಿನ ಕೈ

ಭಾವ ತೀರಿಕೊಂಡ ಮೇಲೆ ನಾನು ರಾಜಾಜಿನಗರದ ನನ್ನ ಬಾಡಿಗೆ ರೂಮು ಖಾಲಿ ಮಾಡಿ ಬಾಪೂಜಿ ನಗರದ ಅಕ್ಕನ ಮನೆಗೆ ಬಂದೆ. ನನಗೆ ಮದುವೆಯಾಗಿಲ್ಲ, ಅಕ್ಕನಿಗೆ ಮಕ್ಕಳಿಲ್ಲ. ಹಾಗಾಗಿ ಯಾರೂ ಯಾರನ್ನೂ ಕೇಳುವ ಪ್ರಶ್ನೆಯೇ ಬರಲಿಲ್ಲ. ಒಂದು ಭಾನುವಾರ ಆಟೊದಲ್ಲಿ ಬಟ್ಟೆಬರೆ, ಮಿಕ್ಸಿ, ಪುಸ್ತಕದ ಚೀಲಗಳನ್ನು ಹೇರಿಕೊಂಡು ಬಂದಿಳಿದೆ, ಅಷ್ಟೆ.

ಅಕ್ಕನದು ಎರಡು ಮನೆಗಳ ನಡುವೆ ಸಿಕ್ಕಿಕೊಂಡಂತಿರುವ ಮನೆ. ಮುಂದೆ ಗಲ್ಲಿ, ಹಿಂದೆ ಬಟ್ಟೆ ಒಗೆಯುವ ಒಂದಿಷ್ಟು ಜಾಗ, ನಡುವೆ ಹಗಲಲ್ಲೂ ಲೈಟು ಬೇಕಾಗುವ ಹಾಲು. ಎರಡೂ ಪಕ್ಕದ ಮನೆಯವರ ಟೀವಿ, ಕೆಮ್ಮು, ಜಗಳ ಎಲ್ಲ ಗೋಡೆ ದಾಟಿ ಬರುತ್ತಿದ್ದವು. ಯಾವ ಶಬ್ದ ಯಾರ ಮನೆಯದು ಎಂದು ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಕೆಲವು ಶಬ್ದಗಳು ಯಾರ ಮನೆಯವೂ ಅಲ್ಲವೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ನಾನು ಕೆಲಸ ಮಾಡುವುದು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಅಕ್ಷರ ಜೋಡಿಸುವ ಕೆಲಸ. ಬೆಳಿಗ್ಗೆ ಹೋದರೆ ಬರುವುದು ಸಂಜೆ. ಅಕ್ಕ ಇಡೀ ದಿನ ಒಬ್ಬಳೇ. ಅವಳು ಅಳಲಿಲ್ಲ ಎಂಬುದು ನೆಂಟರಿಗೆಲ್ಲ ಆಶ್ಚರ್ಯ. ಭಾವನನ್ನು ತೆಗೆದುಕೊಂಡು ಹೋದ ದಿನವೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಅಡುಗೆ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಬಟ್ಟೆ ಮಾತ್ರ ಅತಿಯಾಗಿ ಒಗೆಯುತ್ತಿದ್ದಳು. ವಾಷಿಂಗ್ ಮಷೀನ್ ಪಕ್ಕದಲ್ಲೇ ಇದ್ದರೂ ನಲ್ಲಿಯ ಕೆಳಗೆ ಬಕೆಟ್ ಇಟ್ಟುಕೊಂಡು, ಒಗೆದ ಬಟ್ಟೆಯನ್ನೇ ಮತ್ತೆ ನೆನೆಸಿ ಒಗೆಯುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಪ್ರೆಸ್ಸಿನಲ್ಲಿ ಮಷೀನ್ ಕೆಟ್ಟು ಬೇಗ ಮನೆಗೆ ಕಳಿಸಿದರು. ನನ್ನ ಹತ್ತಿರ ಇದ್ದ ಕೀಲಿಯಲ್ಲಿ ಬಾಗಿಲು ತೆಗೆದು ಒಳಗೆ ಬಂದೆ. ಹಾಲಿನಲ್ಲಿ ಅಕ್ಕ ಇರಲಿಲ್ಲ. ಅಡುಗೆಮನೆಯಲ್ಲೂ ಇಲ್ಲ. ಹಿಂದಕ್ಕೆ ಹೋಗಿ ನೋಡಿದರೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದಾಳೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲ. ಬಕೆಟ್ಟೂ ಇಲ್ಲ. ಹಳೇ ಹಿತ್ತಾಳೆ ನಲ್ಲಿಯ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿಕೊಂಡು ಸುಮ್ಮನೆ ನಿಂತಿದ್ದಾಳೆ. ತುಟಿ ಮಾತ್ರ ಅಲ್ಲಾಡುತ್ತಿದೆ.

"ಅಕ್ಕಾ" ಎಂದೆ.

ಅವಳು ಬೆಚ್ಚಲಿಲ್ಲ. ನಿಧಾನಕ್ಕೆ ಕಣ್ಣು ತೆಗೆದು, "ಬೇಗ ಬಂದ್ಯಾ? ಊಟ ಬಡಿಸ್ತೀನಿ ಬಾ" ಎಂದಳು. ಏನೂ ಆಗದವಳಂತೆ ಒಳಗೆ ಹೋದಳು.

ಊಟಕ್ಕೆ ಕೂತಾಗ ನಾನು ಬಿಡಲಿಲ್ಲ. "ಅಲ್ಲೇನ್ ಮಾಡ್ತಾ ಇದ್ದೆ?"

"ಏನಿಲ್ಲ ಕಣೇ."

"ಅಕ್ಕಾ."

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. "ಆ ನಲ್ಲೀಲಿ ಅವ್ರ ಕೈ ಇದೆ" ಎಂದಳು.

ಭಾವನಿಗೆ ಕೊನೆಯ ವರ್ಷಗಳಲ್ಲಿ ಬಲಗೈ ನಡುಗುತ್ತಿತ್ತು. ನರದ ಕಾಯಿಲೆ. ಕಾಫಿ ಲೋಟ ಹಿಡಿದರೆ ತುಳುಕುತ್ತಿತ್ತು, ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಆ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡರೆ ನಡುಕ ಸ್ವಲ್ಪ ತಗ್ಗುತ್ತಿತ್ತು. ಸಂಜೆ ಹೊತ್ತು ಅವರಿಬ್ಬರೂ ಹಾಗೆ ಕೂತಿರುತ್ತಿದ್ದುದನ್ನು ನಾನೇ ಎಷ್ಟೋ ಸಲ ನೋಡಿದ್ದೆ.

"ಅದೇ ನಡುಕ ಕಣೇ. ಒದ್ದೆ ಕೈಲಿ ಮುಟ್ಟಿದ್ರೆ ಬೆರಳು ತುದೀಲಿ ಸಣ್ಣಗೆ ಬರತ್ತೆ. ಅವ್ರು ಹೋದ್ಮೇಲೆ ಶುರುವಾಗಿದ್ದು. ಅದಕ್ಕೆ ಮುಂಚೆ ಇರ್ಲಿಲ್ಲ. ಇಷ್ಟು ವರ್ಷದಿಂದ ಆ ನಲ್ಲಿ ಮುಟ್ತಾ ಇದೀನಿ, ನಂಗೆ ಗೊತ್ತಾಗಲ್ವಾ?"

ಎದ್ದು ಕೈ ತೊಳೆದೆ. ಹಿಂದಿನ ಬಾಗಿಲಲ್ಲಿದ್ದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೋಗಿ ನಲ್ಲಿ ಮುಟ್ಟಿದೆ. ಏನೂ ಇಲ್ಲ. ತಣ್ಣಗಿನ ಹಿತ್ತಾಳೆ. ಅಕ್ಕನಿಗೆ ಮನಸ್ಸು ಸರಿಯಿಲ್ಲ, ಡಾಕ್ಟರಿಗೆ ತೋರಿಸಬೇಕು ಎಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವಳು, "ಚಪ್ಪಲಿ ಬಿಟ್ಟು ಮುಟ್ಟು" ಎಂದಳು.

ಚಪ್ಪಲಿ ಪಕ್ಕಕ್ಕೆ ಬಿಟ್ಟೆ. ಒದ್ದೆ ನೆಲ ಅಂಗಾಲಿಗೆ ತಗುಲಿತು. ಬೆರಳನ್ನು ನಲ್ಲಿಯ ಮೇಲೆ ಇಟ್ಟೆ.

ಅಲ್ಲಿತ್ತು. ಚುಚ್ಚುವ ಹಾಗಲ್ಲ, ಹೊಡೆಯುವ ಹಾಗಲ್ಲ. ಚರ್ಮದ ಒಳಗಡೆ ಯಾರೋ ಸಣ್ಣಗೆ ನಡುಗಿದ ಹಾಗೆ. ಅದು ಕರೆಂಟು ಎಂದು ತಲೆಗೆ ತಕ್ಷಣ ಗೊತ್ತಾಯಿತು. ಆದರೆ ಆ ಒಂದು ಗಳಿಗೆ ನನಗೂ ಭಾವನ ಕೈಯೇ ನೆನಪಾಯಿತೆಂಬುದನ್ನು ಅಕ್ಕನಿಗೆ ಹೇಳಲಿಲ್ಲ.

ವಾಷಿಂಗ್ ಮಷೀನಿನ ಸ್ವಿಚ್ ಆರಿಸಿ ಮತ್ತೆ ಮುಟ್ಟಿದೆ. ಇತ್ತು. ಪ್ಲಗ್ ಕಿತ್ತು ಮುಟ್ಟಿದೆ. ಆಗಲೂ ಇತ್ತು.

ಮುಂದಿನ ಭಾನುವಾರ ಎಲೆಕ್ಟ್ರಿಷಿಯನ್ ಬಂದ. ಗದಗದ ಕಡೆಯವನು, ಪಕ್ಕದ ಬೀದಿಯಲ್ಲೇ ರೂಮು ಮಾಡಿಕೊಂಡಿದ್ದ, ಬಾಯಿ ಸುಮ್ಮನಿರದ ಮನುಷ್ಯ. ಮಷೀನಿನ ಹಿಂದಿದ್ದ ಹಳೇ ಸಾಕೆಟ್ ನೋಡಿಯೇ, "ಇದ್ರಾಗ ಮೂರು ತೂತು ಅದಾವ್ರಿ, ಒಳಗ ವಯರ್ ಎರಡೇ. ಅರ್ತಿಂಗ್ ಇಲ್ಲೇ ಇಲ್ಲ" ಎಂದ. ಪ್ಲಗ್ ಕಿತ್ತರೂ ಇತ್ತಲ್ಲ ಎಂದಿದ್ದಕ್ಕೆ, ಹಳೇ ಸಾಕೆಟ್ಟೇ ಗೋಡೆಗೆ ಸೋರುತ್ತಿರಬೇಕು ಎಂದ. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸಾಕೆಟ್ ಒಂದು ಬರುತ್ತದೆ, ನೀರಿರುವ ಜಾಗದಲ್ಲಿ ಅದೇ ಹಾಕಬೇಕು ಎಂದು ವಿವರಿಸಿದ. ಹೋದಷ್ಟು ಕರೆಂಟು ವಾಪಸ್ ಬರುತ್ತಿದೆಯೇ ಎಂದು ಅದು ಸದಾ ನೋಡುತ್ತಲೇ ಇರುತ್ತದಂತೆ. ಸ್ವಲ್ಪ ಕಡಿಮೆ ಬಂದರೂ ಯಾರದೋ ಮೈಮೇಲೆ ಹರಿಯುತ್ತಿದೆ ಎಂದು ಹೆದರಿ ಕಡಿದುಕೊಳ್ಳುತ್ತದಂತೆ.

ಮೇನ್ ಆಫ್ ಮಾಡಿಸಿದ. ಆಫ್ ಮಾಡಿದ್ದೇವೆ ಎಂದು ನಂಬದೆ ಪ್ರತಿ ವಯರಿಗೂ ಟೆಸ್ಟರ್ ಹಚ್ಚಿ ನೋಡಿದ. ಟೆಸ್ಟರ್ ಸರಿಯಿದೆಯೇ ಎಂದು ಮೊದಲೇ ಕರೆಂಟಿರುವ ಪ್ಲಗ್ಗಿನಲ್ಲಿ ನೋಡಿಕೊಂಡಿದ್ದ. ಮೀಟರ್ ಬೋರ್ಡಿನಿಂದ ಹೊಸ ಹಸಿರು ವಯರ್ ಎಳೆದು ತಂದ. ಕೆಂಪು, ಕಪ್ಪು, ಹಸಿರು ಮೂರನ್ನೂ ಅದರದರ ಜಾಗಕ್ಕೆ ಬಿಗಿದು, ಒಂದೊಂದನ್ನೂ ಜಗ್ಗಿ ನೋಡಿದ. ಮೇಲೆ ನೀರು ಸಿಡಿಯದ ಮುಚ್ಚಳ ಕೂಡಿಸಿದ. ಮೇನ್ ಹಾಕಿದ ಮೇಲೆ ಸಾಕೆಟ್ಟಿನ ಟೆಸ್ಟ್ ಗುಂಡಿ ಒತ್ತಿದ. ಟಕ್ ಎಂದು ಬಿತ್ತು. ಮತ್ತೆ ಏರಿಸಿದ.

"ಈಗ ನಲ್ಲಿ ಮುಟ್ಟಿ ನೋಡ್ರಿ ಅಕ್ಕಾರ" ಎಂದ.

ನಾನು ಮುಂದೆ ಹೋಗುವ ಮೊದಲೇ ಅಕ್ಕ ಬರಿಗಾಲಲ್ಲಿ ಹೋಗಿ ನಿಂತಳು. ಕೈ ತೊಯಿಸಿಕೊಂಡು ನಲ್ಲಿಯ ಮೇಲೆ ಇಟ್ಟಳು. ನಮ್ಮಿಬ್ಬರ ಕಡೆ ಬೆನ್ನಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

"ಏನೂ ಇಲ್ಲಪ್ಪ. ಹೋಯ್ತು" ಎಂದಳು.

ಅವಳ ದನಿ ಎಷ್ಟು ಸಮಾಧಾನವಾಗಿತ್ತೆಂದರೆ ನಾನು ಮತ್ತೆ ಮುಟ್ಟಿ ನೋಡಲೇ ಇಲ್ಲ. ಅವನೂ ನೋಡಲಿಲ್ಲ. ಸಾಮಾನು ಎತ್ತಿಕೊಂಡು ಹೊರಟ.

ಆಮೇಲಿನ ದಿನಗಳಲ್ಲಿ ಅಕ್ಕ ಚೇತರಿಸಿಕೊಂಡಳು ಎಂದೇ ಅಂದುಕೊಂಡೆ. ಹಾಡು ಗುನುಗುತ್ತಿದ್ದಳು. ಸೀರೆ ನೀಟಾಗಿ ಉಡುತ್ತಿದ್ದಳು. ಒಮ್ಮೊಮ್ಮೆ ಮಾತ್ರ, ನಾನು ಏನಾದರೂ ಕೇಳಿದರೆ, "ತಡಿ, ಕೇಳಿ ಹೇಳ್ತೀನಿ" ಎಂದು ಬಾಯಿತಪ್ಪಿ ಅಂದು ಮಾತು ಬದಲಿಸುತ್ತಿದ್ದಳು. ಯಾರನ್ನು ಕೇಳಿ ಎಂದು ನಾನು ವಿಚಾರಿಸಲಿಲ್ಲ. ಹಿಂದಿನ ಗೋಡೆ ಹಾರಿ ಬಂದು ನಮ್ಮ ಅಡುಗೆಮನೆ ಬಾಗಿಲಿಗೆ ಕೂರುತ್ತಿದ್ದ ಪಕ್ಕದ ಮನೆಯ ಬೆಕ್ಕು ಆ ದಿನಗಳಲ್ಲಿ ಬರುವುದು ಬಿಟ್ಟಿತು. ಕಾಂಪೌಂಡ್ ಮೇಲೆ ಕೂತು ಒದ್ದೆ ನೆಲವನ್ನು ನೋಡುತ್ತಿತ್ತು, ಇಳಿಯುತ್ತಿರಲಿಲ್ಲ.

ಮಳೆಗಾಲ ಜೋರಾಯಿತು. ಪ್ರೆಸ್ಸಿಗೆ ರಜೆಯಿದ್ದ ಒಂದು ಶನಿವಾರ ಬೆಳಗಿನಿಂದ ಬಿಡದೆ ಸುರಿದು ಹಿಂದಿನ ಗೋಡೆಯೆಲ್ಲ ಕಪ್ಪಗೆ ನೆಂದಿತ್ತು. ಮಧ್ಯಾಹ್ನ ಮಳೆ ಬಿಟ್ಟು ಸ್ವಲ್ಪ ಹೊಳವಾದಾಗ ನಾನು ಹಾಲಿನಲ್ಲಿ ಪೇಪರ್ ಓದುತ್ತಿದ್ದೆ. ಹಿಂದಿನಿಂದ ಒಂದು ಶಬ್ದ ಬಂತು. ಕೂಗಲ್ಲ. ಉಸಿರು ಗಂಟಲಲ್ಲೇ ಸಿಕ್ಕಿಕೊಂಡರೆ ಬರುವಂಥದ್ದು.

ಓಡಿದೆ. ಅಕ್ಕ ನಲ್ಲಿ ಹಿಡಿದು ನಿಂತಿದ್ದಳು. ತೋಳಿನ ನರಗಳು ಉಬ್ಬಿದ್ದವು. ಮುಷ್ಟಿ ಬಿಗಿದಿತ್ತು. ಇಡೀ ಮೈ ಸಣ್ಣಗೆ ಅದುರುತ್ತಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು, ಆದರೆ ಮಾತು ಬರುತ್ತಿರಲಿಲ್ಲ. ಅವಳನ್ನು ಹಿಡಿದೆಳೆಯಲು ಕೈ ಚಾಚಿಯೇಬಿಟ್ಟಿದ್ದೆ. ಬೆರಳು ಅವಳ ಸೀರೆಗೆ ತಗುಲುವಷ್ಟರಲ್ಲಿ ಮುಟ್ಟಿದರೆ ನಾನೂ ಸಿಕ್ಕಿಕೊಳ್ಳುತ್ತೇನೆಂದು ಹೊಳೆಯಿತು. ತಿರುಗಿ ಹಾಲಿಗೆ ಓಡಿ ಮೇನ್ ಸ್ವಿಚ್ ಕೆಳಗೆಳೆದೆ. ಫ್ಯಾನು ನಿಂತಿತು, ಫ್ರಿಜ್ ನಿಂತಿತು. ಆ ನಿಶ್ಶಬ್ದದಲ್ಲಿ ಹಿಂದೆ ಅಕ್ಕ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಉಸಿರಾಡುತ್ತಿದ್ದಳು. ಅಂಗೈಯಲ್ಲಿ ಒಂದು ಬಿಳಿಚಿಕೊಂಡ ಸುಟ್ಟ ಗುರುತು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆನ್ನೆ ತಟ್ಟಿದೆ. ತುಂಬ ಹೊತ್ತಿನ ಮೇಲೆ ತುಟಿ ಅಲುಗಿತು.

"ಬಿಡ್ಲೇ ಇಲ್ಲ ಕಣೇ" ಎಂದಳು. "ಬಿಡ್ರೀ ಅಂತ ಕೇಳ್ಕೊಂಡೆ. ಬಿಡ್ಲೇ ಇಲ್ಲ."

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಸಿಜಿ ಮಾಡಿ, ರಾತ್ರಿ ಅಲ್ಲೇ ಇಟ್ಟುಕೊಂಡು, ಹೃದಯಕ್ಕೆ ಏನೂ ಆಗಿಲ್ಲ ಎಂದು ಮರುದಿನ ಕಳಿಸಿದರು.

ಫೋನ್ ಮಾಡಿದ್ದಕ್ಕೆ ಎಲೆಕ್ಟ್ರಿಷಿಯನ್ ಓಡಿ ಬಂದ. ಅವತ್ತು ಅವನ ಬಾಯಿ ಕಟ್ಟಿಹೋಗಿತ್ತು. ಹೊಸ ಸಾಕೆಟ್ಟಿನ ಗುಂಡಿ ಒತ್ತಿದ. ಟಕ್ ಎಂದು ಬಿತ್ತು. "ಇದು ಸರಿ ಐತಿ. ಇದರ ಮುಂದ ಸೋರಿದ್ರ ಇದು ಹಿಡೀತದ. ಹಿಂದ, ಗೋಡ್ಯಾಗ ಸೋರಿದ್ರ ಇದಕ್ಕ ಗೊತ್ತಾಗಂಗಿಲ್ಲ" ಎಂದ. "ನಾ ಅವತ್ತು ನಲ್ಲಿಗೆ ಟೆಸ್ಟರ್ ಹಚ್ಚಬೇಕಿತ್ತು. ಅಕ್ಕಾರು ಇಲ್ಲ ಅಂದ್ರು, ನಂಬಿದೆ."

ಅಕ್ಕ ಹಾಲಿನಲ್ಲಿದ್ದ ಮಂಚದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಈ ಸಲ ಅವನು ಅಂಥದ್ದೇ ಕೆಲಸ ಮಾಡುವ ದೊಡ್ಡ ಸ್ವಿಚ್ಚನ್ನು ಮನೆಗೆಲ್ಲ ಸೇರಿ ಮೇನ್ ಬೋರ್ಡಿನಲ್ಲೇ ಕೂಡಿಸಿದ. ಏರಿಸಿದ. ಬಿತ್ತು. ಮತ್ತೆ ಏರಿಸಿದ. ಮತ್ತೆ ಬಿತ್ತು. ಮನೆಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲ, ಎಲ್ಲ ಪ್ಲಗ್ಗೂ ಕಿತ್ತಿದೆ, ಆದರೂ ಅದು ನಿಲ್ಲಲೊಲ್ಲದು. ಮೋಡದ ಮಬ್ಬಿನಲ್ಲಿ ಟಾರ್ಚ್ ಹಿಡಿದು ನಿಂತಿದ್ದ ನನಗೆ, ಮನೆಯೊಳಗೆ ನಮ್ಮ ಮೂವರನ್ನು ಬಿಟ್ಟು ಇನ್ನೊಬ್ಬರು ಎಲ್ಲೋ ಏನನ್ನೋ ಹಿಡಿದುಕೊಂಡು ನಿಂತಿದ್ದಾರೆ ಅನ್ನಿಸಿತು. ಅವನು ಒಂದೊಂದೇ ಲೈನ್ ಬಿಚ್ಚುತ್ತ ಹೋದ. ಹಿಂದಕ್ಕೆ ಹೋಗುವ ಲೈನ್ ಬಿಚ್ಚಿದಾಗ ಸ್ವಿಚ್ ಏರಿ ನಿಂತಿತು.

ಮತ್ತೆ ಮೇನ್ ಆಫ್ ಮಾಡಿ, ನಲ್ಲಿಯ ಮೇಲಿನ ಗೋಡೆಯನ್ನು ಬೆರಳಲ್ಲಿ ತಟ್ಟುತ್ತ, "ಈ ಗೋಡಿ ಆ ಕಡೆ ಏನೈತ್ರಿ?" ಎಂದ.

"ಹಾಲು" ಎಂದೆ. ಹೇಳಿದ ಮೇಲೆ ಹೊಳೆಯಿತು. "ಭಾವನ ಫೋಟೊ ಇದೆ."

ಹಾಲಿಗೆ ಬಂದು ಇಬ್ಬರೂ ಫೋಟೊ ಇಳಿಸಿದೆವು. ಅದರ ಹಿಂದೆ ಉದ್ದನೆಯ ಮೊಳೆ. ಅದರ ಸುತ್ತ ಗೋಡೆ ಕಂದು ಬಣ್ಣಕ್ಕೆ ತಿರುಗಿತ್ತು. ಇಕ್ಕಳದಲ್ಲಿ ಹಿಡಿದು ಎಳೆದಾಗ ಸುಲಭಕ್ಕೆ ಬರಲಿಲ್ಲ. ಗೋಡೆ ಒಡೆದು ನೋಡಿದರೆ, ಮೊಳೆ ವಯರಿನ ಪೈಪನ್ನು ತೂರಿ ಕೆಂಪು ವಯರಿನ ಹೊದಿಕೆ ಸೀಳಿಕೊಂಡು ಹೋಗಿತ್ತು. ತುದಿ ಒಳಗಿದ್ದ ಹಳೇ ಕಬ್ಬಿಣದ ನೀರಿನ ಪೈಪಿನ ಪಕ್ಕದಲ್ಲೇ ನಿಂತಿತ್ತು. ಮೇಲಿನ ಟ್ಯಾಂಕಿನಿಂದ ಬರುವುದೆಲ್ಲ ಈಗ ಪ್ಲಾಸ್ಟಿಕ್. ಗೋಡೆಯೊಳಗೆ ಉಳಿದ ಈ ಕಬ್ಬಿಣದ ತುಂಡಿಗೆ ಕರೆಂಟನ್ನು ನೆಲಕ್ಕೆ ಬಿಡಲು ಒದ್ದೆ ಗೋಡೆ, ಮುಟ್ಟಿದವರ ಮೈ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಗೋಡೆ ಒಣಗಿದ್ದಾಗ ಸ್ವಲ್ಪವೇ ಸೋರುತ್ತಿತ್ತು. ನೆನೆದ ದಿನ ಪೂರ್ತಿ ಹರಿಯಿತು.

"ಈ ಮೊಳಿ ಯಾವಾಗ ಹೊಡದ್ರಿ?" ಎಂದು ಅವನು ಕೇಳಿದ.

"ವೈಕುಂಠ ಸಮಾರಾಧನೆ ದಿನ. ನಾನೇ ಹೊಡ್ದೆ" ಎಂದಳು ಅಕ್ಕ ಮಂಚದಿಂದಲೇ. "ಎಲ್ರೂ ಊಟ ಮಾಡಿ ಹೋದ್ಮೇಲೆ."

ಎಲೆಕ್ಟ್ರಿಷಿಯನ್ ಒಮ್ಮೆ ಫೋಟೊ ಕಡೆ, ಒಮ್ಮೆ ಅಕ್ಕನ ಕಡೆ ನೋಡಿದ. ಮೊಳೆಯನ್ನು ಕಿಟಕಿಯ ಮೇಲೆ ಇಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಸೀಳಿದ ವಯರ್ ಪೂರ್ತಿ ತೆಗೆದು, ಹೊಸದನ್ನು ಬೇರೆ ದಾರಿಯಲ್ಲಿ ಗೋಡೆಯ ಹೊರಗೇ ತಂದ. ಮೇನ್ ಹಾಕಿದಾಗ ಸ್ವಿಚ್ ಬೀಳಲಿಲ್ಲ. ಈ ಸಲ ಯಾರ ಮಾತನ್ನೂ ಕೇಳದೆ ತಾನೇ ನಲ್ಲಿ, ಗೋಡೆ, ಮಷೀನಿನ ಮೈ ಎಲ್ಲದಕ್ಕೂ ಮೀಟರ್ ಹಚ್ಚಿ ನೋಡಿ, ನನಗೂ ತೋರಿಸಿದ. ಎಲ್ಲ ಕಡೆ ಸೊನ್ನೆ. ನಲ್ಲಿಯನ್ನೂ ಪ್ಲಾಸ್ಟಿಕ್ಕಿನದಕ್ಕೆ ಬದಲಾಯಿಸಿ ಹೋದ.

ಆ ಸಂಜೆ ಅಕ್ಕ ಅತ್ತಳು. ಗೋಡೆ ಕಡೆ ಮುಖ ಮಾಡಿ ಮಲಗಿ, ಪಕ್ಕದ ಮನೆಗಳಿಗೆ ಕೇಳಿಸೀತೆಂಬ ಗೊಡವೆಯಿಲ್ಲದೆ, ತುಂಬ ಹೊತ್ತು ಅತ್ತಳು. ನಾನು ಬದಿಯಲ್ಲಿ ಕೂತಿದ್ದೆ. ಅಳು ನಿಂತ ಮೇಲೆ ಎದ್ದು ಮುಖ ತೊಳೆದುಕೊಂಡು ಬಂದು ಅನ್ನಕ್ಕೆ ಇಟ್ಟಳು.

"ಅವತ್ತು ಹೋಯ್ತು ಅಂತ ಯಾಕೆ ಸುಳ್ಳು ಹೇಳಿದೆ?" ಎಂದು ಕೇಳಿದೆ. ಬೈಯುವುದಕ್ಕಲ್ಲ, ತಿಳಿಯಬೇಕಿತ್ತು.

"ಅವ್ರನ್ನ ತೆಗೆದುಬಿಡ್ತೀರ ಅಂತ." ಆಮೇಲೆ, ನನ್ನ ಕಡೆ ನೋಡದೆ ಹೇಳಿದಳು. "ಕೊನೆಕೊನೆಗೆ ಅದು ಅವ್ರ ಕೈ ಅಲ್ಲ ಅಂತ ನಂಗೆ ಗೊತ್ತಾಗಿತ್ತು ಕಣೇ. ಅವ್ರದ್ದು ನಡುಗ್ತಿತ್ತು ಅಷ್ಟೆ. ಇದು ಎಳೀತಿತ್ತು. ಮಳೆ ಶುರುವಾದ್ಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಎಳೀತಿತ್ತು."

"ಗೊತ್ತಿದ್ದೂ ಹಿಡ್ಕೊಂಡ್ಯಾ?"

"ಯಾರದಾದ್ರೂ ಆಗ್ಲಿ ಅನ್ನಿಸ್ತಿತ್ತು."

ಅಷ್ಟರಲ್ಲಿ ಕುಕ್ಕರ್ ಕೂಗಿತು. ಅವಳು ಹೋಗಿ ಆರಿಸಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆ ಬಾಗಿಲಲ್ಲೇ ನಿಂತಳು.

"ನಾಳೆ ಪ್ರೆಸ್ಸಿಗೆ ಹೋಗ್ಬೇಡ. ಮನೇಲೇ ಇರು" ಎಂದಳು.

ನಾನು ಹೋಗಲಿಲ್ಲ.