ಕುಂಕುಮದ ಕೆಳಗಿನ ಬಿರುಕು

ಎಂ.ಎಸ್ಸಿ. ಮುಗಿದ ವರ್ಷ, ಕೆಲಸ ಸಿಗುವವರೆಗೆ ವಿಶಾಖಪಟ್ಟಣದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅತ್ತೆಯ ಗಂಡ ತೆಲುಗಿನವರು, ಕಾರುಗಳ ಗಾಜು ರಿಪೇರಿಯ ಅಂಗಡಿ ಇಟ್ಟಿದ್ದರು. ಕಲ್ಲು ಸಿಡಿದು ಆದ ಚುಕ್ಕೆಗೆ ಅಂಟು ತುಂಬುವುದನ್ನು ಮಾವ ನನಗೆ ಕಲಿಸಿದ್ದರು. ಬೆಲೆ ಹೇಳುವುದನ್ನು ಮಾತ್ರ ತಾವೇ ಇಟ್ಟುಕೊಂಡಿದ್ದರು. ಅವರು ಗಾಜು ತರಲು ವಿಜಯವಾಡದ ಆಟೋನಗರ್‌ಗೆ ಹೋದ ದಿನ ಅದೂ ನನ್ನ ಪಾಲಿಗೆ ಬಂತು.

ಅಂದಿನ ಮೊದಲ ಗಿರಾಕಿ ಅತ್ತೆಯ ಪರಿಚಯದವರು. ಬಳ್ಳಾರಿಯಿಂದ ಮದುವೆಯಾಗಿ ಬಂದು, ಇಲ್ಲೇ ಗಣಿತ ಕಲಿಸಿ ನಿವೃತ್ತರಾದ ಟೀಚರ್. ಅವರ ಕಾರಿನ ಮುಂದಿನ ಗಾಜಿನಲ್ಲಿ ಬಟಾಣಿಯಷ್ಟು ಚುಕ್ಕೆ. ಅದಕ್ಕೆ ತಾಗಿಯೇ ಗೇಣುದ್ದದ ಅರಿಶಿನದ ಪಟ್ಟಿ, ಮೇಲೆ ಕುಂಕುಮ. ನಾನು ಬಟ್ಟೆ ಕೈಗೆತ್ತಿಕೊಂಡೆ.

“ಅದನ್ನ ಮುಟ್ಟಬ್ಯಾಡ ತಲ್ಲೀ. ನಿನ್ನೆ ಸಿಂಹಾಚಲಂದಾಗ ಪೂಜಿ ಮಾಡ್ಸೀನಿ.”

ಮುಟ್ಟಲಿಲ್ಲ. ಚುಕ್ಕೆಯನ್ನಷ್ಟೇ ಅಳೆದು, ಆರುನೂರು ರೂಪಾಯಿ ಎಂದು ಚೀಟಿ ಬರೆದುಕೊಟ್ಟೆ. ಕೆಳಗೆ ರುಜು ಹಾಕುವಾಗ ಸ್ವಲ್ಪ ಹೆಮ್ಮೆಯೂ ಆಯಿತು.

ಅಂಟು ತುಂಬುವ ಮುಂಚೆ ಗಾಜಿನ ತೇವ ಆರಬೇಕು. ಹೇರ್‌ಡ್ರೈಯರ್ ಹಿಡಿದೆ. ಅರಿಶಿನ ಒಣಗಿ, ಹಕ್ಕಳೆಯಾಗಿ ತಾನೇ ಉದುರಿತು. ಅದರ ಕೆಳಗೆ ಚುಕ್ಕೆಯಿಂದ ಹೊರಟ ಬಿರುಕೊಂದು ಪಟ್ಟಿಯಷ್ಟೇ ಉದ್ದಕ್ಕೆ ಹೋಗಿತ್ತು. ಅಷ್ಟುದ್ದದ ಬಿರುಕಿಗೆ ಅಂಟು ಸಾಲದು, ಗಾಜನ್ನೇ ಬದಲಿಸಬೇಕು. ಬಿಸಿ ಮಾಡಿದವಳು ನಾನು. ನಾನೇ ಒಡೆದೆ ಎಂದು ಅವರು ಹೇಳಿದರೆ ಏನು ಉತ್ತರ ಕೊಡಲಿ? ಬಗ್ಗಿ ಮತ್ತೆ ನೋಡಿದೆ. ಆಮೇಲೆ ಅವರನ್ನು ಕರೆದೆ.

“ಮೇಡಂ, ಈ ಗೆರೆಯ ಒಳಗೆ ನೋಡಿ, ಕೆಂಪಗಿದೆ. ನಿನ್ನೆ ಹಚ್ಚುವಾಗಲೇ ಕುಂಕುಮದ ನೀರು ಇಳಿದಿದೆ. ಪೂಜೆಗೆ ಮುಂಚೆಯೇ ಬಿರುಕಿತ್ತು.”

ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಹಂಗಾರ ನಾನು ಬಿರುಕಿಗೇ ಪೂಜಿ ಮಾಡಿಸಿ ಬಂದೆ ಅನ್ನು,” ಎಂದು ನಕ್ಕರು. ನಕ್ಕು ಮುಗಿಸಿ ಚೀಟಿ ಚಾಚಿದರು. “ಆದರ ಆರುನೂರು ಅಂತ ನೀನ ಬರ್ದೀಯಲ್ಲ?”

ಮಾವನಿಗೆ ಫೋನ್ ಮಾಡಿದೆ.

“ಬರೆದಿದ್ದು ನೀನೇ ಕದಾ, ಬೆಲೆನೂ ನೀನೇ ಹೇಳಮ್ಮಾ. ಗಾಜಿನ ಅಂಗಡೀಲೇ ನಿಂತಿದೀನಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಫೋನ್ ಇಡಲೂ ಇಲ್ಲ.

ಕಾಣದ ಜಾಗವನ್ನೂ ಸೇರಿಸಿ ಬೆಲೆ ಹೇಳಿದ್ದು ನನ್ನ ತಪ್ಪು. ಹಾಗೆಂದು ಆರುನೂರಕ್ಕೆ ಹೊಸ ಗಾಜು ಬರುವುದಿಲ್ಲ. ಟೀಚರ್ ಕಡೆ ತಿರುಗಿ ಹೇಳಿದೆ: “ಗಾಜಿಗೆ ಆಟೋನಗರ್ ಬಿಲ್ಲಲ್ಲಿ ಎಷ್ಟಿರುತ್ತೋ ಅಷ್ಟೇ ಕೊಡಿ. ಕೂರಿಸುವ ಕೂಲಿ ಚೀಟಿಯಲ್ಲಿರುವ ಆರುನೂರು. ಬೇಡ ಅಂದರೆ ಇವತ್ತಿನದಕ್ಕೆ ಏನೂ ಕೊಡಬೇಡಿ.”

“ಮತ್ತ ಲಾಭ?”

“ಈ ಸಲ ಇಲ್ಲ.”

“ಲೆಕ್ಕದಾಗ ವೀಕ್ ಇದೀ,” ಎಂದರು, ಹಳೆಯ ವಿದ್ಯಾರ್ಥಿನಿಗೆ ಹೇಳುವಂತೆ. “ತರ್ಸು. ಬಿಲ್ಲು ಮಾತ್ರ ನಾನ ಓದಾಕಿ.”

ನಾನು ಮಾವನಿಗೆ ಕಾರಿನ ಮಾದರಿ, ವರ್ಷ ಹೇಳತೊಡಗಿದೆ. ಟೀಚರ್ ನನ್ನ ಭುಜದ ಮೇಲಿಂದ ಫೋನಿನತ್ತ ಬಾಗಿ, “ಗೀರು ಬಿದ್ದದ್ದು ತರಬ್ಯಾಡ್ರೀ, ನಿಮ್ಮ ಹುಡುಗಿ ಅದಕ್ಕೂ ಕಡಿಮಿ ಹೇಳ್ತಾಳ,” ಎಂದರು.